ಯಿಗ್ ಆಸಿಲೇಟರ್ ಹೊಂದಿಸಿದ ಬಗೆ

ಹಳೇ ಸ್ಪೆಕ್ಟ್ರಮ್ ಅನಲೈಸರ್, ಅಂದರೆ ಸಿಗ್ನಲ್‌ಗಳನ್ನು ಫ್ರೀಕ್ವೆನ್ಸಿವಾರು ಗೆರೆಗಳಾಗಿ ತೋರಿಸುವ ಉಪಕರಣ. ಅದನ್ನು ಟ್ಯೂನ್ ಮಾಡುವುದು ಯಿಗ್ ಆಸಿಲೇಟರ್: ಕಾಯಿಲ್‌ನ ಕಾಂತಕ್ಷೇತ್ರದಲ್ಲಿ ಕೂತ ಯಿಗ್ (ಯಿಟ್ರಿಯಮ್ ಐರನ್ ಗಾರ್ನೆಟ್) ಗೋಲಿ. 0 ಮೆಗಾಹರ್ಟ್ಸ್ ಗೆರೆ ಜಾಗದಲ್ಲೇ ಇತ್ತು, 1500ರ ಸಿಗ್ನಲ್ ಮಾತ್ರ 1512ರಲ್ಲಿ. ಅಂದರೆ ಆಫ್‌ಸೆಟ್ (ಸ್ಕೇಲ್ ಶುರುವಾಗುವ ಜಾಗ) ಸರಿ, ಗೇನ್ (ಸ್ಕೇಲ್ ಎಷ್ಟು ಹಿಗ್ಗಿದೆ ಎಂಬುದು) ತಪ್ಪು.

ಇವನ್ನು ಹೊಂದಿಸುವ ಟ್ರಿಮ್ಮರ್ (ತಿರುಗಿಸುವ ಪುಟ್ಟ ರೆಸಿಸ್ಟರ್) ಮುಟ್ಟುವ ಮೊದಲು ಪವರ್ ಸಪ್ಲೈ ವೋಲ್ಟೇಜ್, ಅದರಲ್ಲಿನ ರಿಪಲ್ (ಸಣ್ಣ ಏರಿಳಿತ) ಅಳೆಯಿರಿ. ಯಿಗ್ ಗೋಲಿಯ ಫ್ರೀಕ್ವೆನ್ಸಿ ಕಾಂತಕ್ಷೇತ್ರದ ಒಂದು ಗಾಸ್‌ಗೆ ಸುಮಾರು 2.8 ಮೆಗಾಹರ್ಟ್ಸ್ ಸರಿಯುತ್ತದೆ. ಕಾಯಿಲ್ ಕರೆಂಟ್ ಚೂರು ಅಲುಗಿದರೂ ಗೆರೆ ನಡುಗುತ್ತದೆ. ಮುಚ್ಚಳ ಹಾಕಿಯೇ ಒಂದು ಗಂಟೆ ಬಿಸಿಯಾಗಲು ಬಿಡಿ.

ಕೆಳತುದಿಯಲ್ಲಿ ಆಫ್‌ಸೆಟ್, ಮೇಲ್ತುದಿಯಲ್ಲಿ ಗೇನ್ ತಿರುಗಿಸಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಜಾರುವುದರಿಂದ ಮೂರ್ನಾಲ್ಕು ಸುತ್ತು ಬೇಕೇ ಬೇಕು. ಹಿಸ್ಟರೆಸಿಸ್ (ಕಾಂತದ ತಿರುಳು ಹಿಂದಿನ ಸ್ಥಿತಿಯ ಗುರುತು ಉಳಿಸಿಕೊಳ್ಳುವುದು) ಕಾಟ ಬೇರೆ: ಪ್ರತಿ ಸಲವೂ ಕೆಳಗಿನಿಂದ ಮೇಲಕ್ಕೇ ಟ್ಯೂನ್ ಮಾಡಿ, ಇಲ್ಲದಿದ್ದರೆ ರೀಡಿಂಗ್ ಒಂದಕ್ಕೊಂದು ತಾಳೆಯಾಗದು.

ಇಲ್ಲಿ ನಿಜವಾದ ಕಳ್ಳ ಗೇನ್ ಟ್ರಿಮ್ಮರೇ. ಕೂದಲೆಳೆಯಷ್ಟು ತಿರುಗಿಸಿದರೆ ಗೆರೆ ಸುಮ್ಮನಿದ್ದು ಆಮೇಲೆ ಛಂಗನೆ ಹಾರುತ್ತಿತ್ತು. ಅಷ್ಟೇ ಓಮ್‌ನ ಮಲ್ಟಿಟರ್ನ್ (ಹಲವು ಸುತ್ತು ತಿರುಗುವ) ಟ್ರಿಮ್ಮರ್ ಹಾಕಿದ ಮೇಲೆ 1500 ಜಾಗಕ್ಕೆ ಬಂತು.