ಮ್ಯಾಕ್‌ಬೆತ್ ಯಾಕೆ ಬೆಚ್ಚಿದ?: ಮೊದಲ ಅಂಕ ಕಟ್ಟಿದ ನನ್ನ ಅನುಭವ

ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಡೋಣ ಎಂದ ಕೂಡಲೇ ಆ ಪಾತ್ರ ಸಿಕ್ಕ ಹುಡುಗ ಮಾಡುವ ಮೊದಲ ಕೆಲಸ ಹುಬ್ಬು ಗಂಟಿಕ್ಕುವುದು. ರಾಜನನ್ನು ಕೊಂದು ಪಟ್ಟಕ್ಕೇರುವವನಲ್ವಾ? ಹಾಗಾಗಿ ಕಾಲಿಟ್ಟ ಕ್ಷಣದಿಂದಲೇ ಕಣ್ಣಲ್ಲಿ ದುರಾಸೆ ಉರಿಯಬೇಕು ಎನ್ನುವುದು ಅವನ ಲೆಕ್ಕ. ನಮ್ಮದು ಹವ್ಯಾಸಿ ತಂಡ. ಆಫೀಸು, ಶಾಲೆ, ಅಂಗಡಿ ಮುಗಿಸಿಕೊಂಡು ಸಂಜೆ ತಾಲೀಮಿಗೆ ಬರುವವರು. ನಿರ್ದೇಶನ ನನ್ನ ತಲೆಗೆ ಬಿದ್ದಿತ್ತು. ಆ ಹುಬ್ಬು ಇಳಿಸುವುದೇ ಮೊದಲ ಅಂಕದ ಅರ್ಧ ಕೆಲಸವಾಯಿತು.

ಓದಿಗೆ ಕೂತಾಗ ನಾನು ಒಂದು ಪ್ರಶ್ನೆ ಇಟ್ಟೆ. ಇವನಿಗೆ ಆಸೆ ಇದೆಯೋ ಇಲ್ಲವೋ ಎಂದು ಕೇಳುವುದು ಬೇಡ. ಈ ದೃಶ್ಯದ ಹೊತ್ತಿಗೆ ಇವನ ಬಗ್ಗೆ ಯಾರಿಗೆ ಏನು ಗೊತ್ತು, ಅದನ್ನು ಹುಡುಕೋಣ. ಅಂಕದಲ್ಲಿ ಇರುವುದು ಏಳು ದೃಶ್ಯ. ಪ್ರತಿಯೊಂದಕ್ಕೂ ಇದೇ ಪ್ರಶ್ನೆ.

ಮೊದಲನೆಯದು ಮಾಟಗಾತಿಯರ ಹತ್ತು–ಹನ್ನೆರಡು ಸಾಲು, ಅಷ್ಟೇ. ಎರಡನೆಯ ದೃಶ್ಯದಲ್ಲೂ ಮ್ಯಾಕ್‌ಬೆತ್ ಇಲ್ಲ. ಮೈಯೆಲ್ಲ ರಕ್ತವಾದ ಒಬ್ಬ ಸೈನಿಕ ಬಂದು ಸ್ಕಾಟ್ಲೆಂಡ್‌ನ ರಾಜ ಡಂಕನ್‌ಗೆ ಯುದ್ಧದ ಸುದ್ದಿ ಹೇಳುತ್ತಾನೆ. ಬರೀ ವರದಿ, ಜನ ಆಕಳಿಸುತ್ತಾರೆ ಎಂದು ಎಷ್ಟೋ ಕಡೆ ಇದಕ್ಕೆ ಕತ್ತರಿ ಹಾಕುತ್ತಾರೆ. ನಮ್ಮವರೂ ಅದನ್ನೇ ಹೇಳಿದರು. ನಾನು ಬಿಡಲಿಲ್ಲ. ಮ್ಯಾಕ್‌ಬೆತ್ ದಂಗೆಕೋರನೊಬ್ಬನನ್ನು ಹೊಕ್ಕುಳಿಂದ ದವಡೆಯವರೆಗೆ ಸೀಳಿದ, ತಲೆ ತೆಗೆದು ಕೋಟೆಗೋಡೆಯ ಮೇಲೆ ಸಿಕ್ಕಿಸಿದ ಎಂದು ಆ ಸೈನಿಕ ಹೇಳುತ್ತಾನೆ. ಕೇಳಿದ ರಾಜ, ಎಂಥ ಶೂರ, ಎಂಥ ದೊಡ್ಡ ಮನುಷ್ಯ ಎಂದು ಹೊಗಳುತ್ತಾನೆ. ಅಂದರೆ ಕೊಲ್ಲುವುದು ಇವನಿಗೆ ಹೊಸದಲ್ಲ. ಕೊಂದಿದ್ದಕ್ಕೇ ಇವನಿಗೆ ಹೆಸರು ಬಂದಿದೆ, ಬಹುಮಾನವೂ ಬರುತ್ತಿದೆ. ಇದು ಪ್ರೇಕ್ಷಕರ ಕಿವಿಗೆ ಬೀಳದಿದ್ದರೆ ಮುಂದೆ ಅವನು ಒದ್ದಾಡುವುದಕ್ಕೆ ತೂಕವೇ ಇರುವುದಿಲ್ಲ.

ಮೂರನೆಯ ದೃಶ್ಯದ ಮೇಲೆ ನಾವು ಜಾಸ್ತಿ ಹೊತ್ತು ಕೂತೆವು. ಮಾಟಗಾತಿಯರು ಮ್ಯಾಕ್‌ಬೆತ್‌ನನ್ನು ಮೂರು ಬಾರಿ ಕೂಗಿ ಕರೆಯುತ್ತಾರೆ. ಗ್ಲಾಮಿಸ್‌ನ ಒಡೆಯ: ಅದು ಅವನು ಈಗಾಗಲೇ ಆಗಿದ್ದಾನೆ. ಕಾಡರ್‌ನ ಒಡೆಯ: ಹಿಂದಿನ ದೃಶ್ಯದಲ್ಲೇ ರಾಜ ಆ ಪದವಿ ಕೊಟ್ಟಾಗಿದೆ, ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುಂದೆ ರಾಜನಾಗುವವನು: ಇಲ್ಲಿ ಮ್ಯಾಕ್‌ಬೆತ್‌ಗೆ ಮಾತೇ ಇಲ್ಲ. ಪಕ್ಕದಲ್ಲಿದ್ದ ಜೊತೆಗಾರ ದಳಪತಿ ಬ್ಯಾಂಕ್ವೋ ಕೇಳುತ್ತಾನೆ: ಇಷ್ಟು ಒಳ್ಳೆ ಮಾತು ಹೇಳಿದರೆ ನೀನ್ಯಾಕೆ ಬೆಚ್ಚಿ ಬೀಳುತ್ತೀಯ?

ನಮ್ಮ ಹುಡುಗ ತಾಲೀಮಿನಲ್ಲಿ ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ.

“ಬೆಚ್ಚೋದು ಯಾವಾಗ ಹೇಳು, ಗೊತ್ತಿಲ್ಲದ್ದು ಕೇಳಿದಾಗಲಾ?” ಎಂದೆ.

“ಹೌದಲ್ವಾ ಅಕ್ಕಾ?”

“ನೀನು ಮನಸ್ಸಲ್ಲೇ ಇಟ್ಕೊಂಡಿರೋ ಮಾತನ್ನ ದಾರೀಲಿ ಹೋಗೋರು ಜೋರಾಗಿ ಹೇಳಿಬಿಟ್ರೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಾರುವುದನ್ನು ಬಿಟ್ಟ. ಆ ಹೊತ್ತಿನಲ್ಲಿ ಅವನು ಮುಂಗೈಗೆ ಕಟ್ಟಿದ್ದ ಚರ್ಮದ ಪಟ್ಟಿಯನ್ನು ಬಿಚ್ಚುತ್ತಿರುತ್ತಾನೆ. ‘ರಾಜ’ ಎಂಬ ಮಾತು ಬಿದ್ದಾಗ ಕೈ ನಿಂತುಬಿಡುತ್ತದೆ. ಬೇರೇನೂ ಇಲ್ಲ. ಬ್ಯಾಂಕ್ವೋನನ್ನು ಎರಡು ಹೆಜ್ಜೆ ಹತ್ತಿರಕ್ಕೆ ತಂದು ನಿಲ್ಲಿಸಿದೆ. ಕೈ ನಿಂತಿದ್ದನ್ನು ಮೊದಲು ನೋಡಬೇಕಾದವನು ಅವನು. ಅವನು ಕೇಳಿದ ಮೇಲೆ ಪ್ರೇಕ್ಷಕರು ಆ ಕೈ ನೋಡುತ್ತಾರೆ.

ಇನ್ನೊಂದು ಸಂಗತಿಯನ್ನು ನಟರಿಗೆ ಪುಟ ತೆರೆದೇ ತೋರಿಸಿದೆ. ಮಾಟಗಾತಿಯರು ಕೊಲೆಯ ಮಾತೇ ಎತ್ತುವುದಿಲ್ಲ. ರಾಜನಾಗುತ್ತೀಯ ಎನ್ನುತ್ತಾರೆ, ಹೇಗೆ ಎಂದು ಹೇಳುವುದಿಲ್ಲ. ಕೊಲೆ ಎಂಬುದು ಮೊದಲು ಬರುವುದು ಮ್ಯಾಕ್‌ಬೆತ್‌ನ ಸ್ವಗತದಲ್ಲಿ, ಅವನದೇ ಬಾಯಲ್ಲಿ. ಕೂದಲು ನೆಟ್ಟಗಾಗುತ್ತದೆ, ಎದೆ ಪಕ್ಕೆಲುಬಿಗೆ ಬಡಿಯುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಬ್ಯಾಂಕ್ವೋನಿಗೂ ಭವಿಷ್ಯ ಸಿಕ್ಕಿದೆ: ಅವನ ವಂಶದವರು ರಾಜರಾಗುತ್ತಾರೆ. ಅದೂ ಅವನೇ ಕೇಳಿ ಪಡೆದದ್ದು. ಆದರೆ ಸಣ್ಣ ನಿಜ ಹೇಳಿ ದೊಡ್ಡದರಲ್ಲಿ ಕೈಕೊಡುವವರು ಇವರು ಎಂಬ ಎಚ್ಚರ ಅವನಿಗಿದೆ. ಶೇಕ್ಸ್‌ಪಿಯರ್ ಆಧಾರವಾಗಿ ಇಟ್ಟುಕೊಂಡ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಬ್ಯಾಂಕ್ವೋ ಕೂಡ ಕೊಲೆಯ ಪಾಲುದಾರ. ನಾಟಕ ಬರೆದದ್ದು 1606ರ ಆಸುಪಾಸಿನಲ್ಲಿ. ಆಗ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದ ಒಂದನೇ ಜೇಮ್ಸ್, ಬ್ಯಾಂಕ್ವೋ ತನ್ನ ಮೂಲಪುರುಷ ಎಂದು ನಂಬಿದ್ದ. ರಾಜನ ಹಿರಿಯರನ್ನು ಕೊಲೆಗಾರ ಎಂದು ತೋರಿಸುವ ಧೈರ್ಯ ಯಾರಿಗಿದೆ? ಕಾರಣ ಏನೇ ಇರಲಿ, ನಾಟಕಕ್ಕೆ ಲಾಭವೇ ಆಯಿತು. ಒಂದೇ ಮಾತು ಕೇಳಿದ ಇಬ್ಬರು ಪಕ್ಕಪಕ್ಕದಲ್ಲಿ ನಿಂತಿದ್ದಾರೆ, ಒಬ್ಬನ ಕೈ ಮಾತ್ರ ನಿಂತಿದೆ.

ನಾಲ್ಕನೆಯ ದೃಶ್ಯದಲ್ಲಿ ಒಂದು ಪ್ರವೇಶ ಇದೆ, ಅದನ್ನು ಹಾಳು ಮಾಡದಿದ್ದರೆ ಸಾಕು. ದ್ರೋಹ ಮಾಡಿ ಸತ್ತ ಹಳೆಯ ಕಾಡರ್ ಒಡೆಯನ ಬಗ್ಗೆ ಡಂಕನ್ ಹೇಳುತ್ತಾನೆ: ಮುಖ ನೋಡಿ ಮನಸ್ಸು ಅಳೆಯುವ ವಿದ್ಯೆ ಇಲ್ಲ, ಅವನನ್ನು ಪೂರ್ತಿ ನಂಬಿದ್ದೆ. ಮಾತು ಮುಗಿಯುವಷ್ಟರಲ್ಲಿ ಹೊಸ ಕಾಡರ್ ಒಡೆಯ ಒಳಗೆ ಬರುತ್ತಾನೆ. ಸಂಗೀತ ಬೇಡ, ಲೈಟ್ ಬದಲಾಗುವುದು ಬೇಡ ಎಂದೆ. ಪ್ರದರ್ಶನದಲ್ಲಿ ಜನ ನಕ್ಕರು. ನಗಬೇಕಾದ್ದೇ.

ಅದೇ ದೃಶ್ಯದಲ್ಲಿ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಎಂದು ಸಾರುತ್ತಾನೆ. ಹಳೆಯ ಸ್ಕಾಟ್ಲೆಂಡ್‌ನಲ್ಲಿ ಪಟ್ಟ ತಂದೆಯಿಂದ ಮಗನಿಗೇ ಹೋಗಬೇಕು ಎಂಬ ಕಟ್ಟುಪಾಡು ಇರಲಿಲ್ಲ. ರಾಜಮನೆತನದ ಇನ್ನೊಬ್ಬ ಸಮರ್ಥನಿಗೂ, ಅಂದರೆ ಡಂಕನ್‌ನ ನಂಟ ಮ್ಯಾಕ್‌ಬೆತ್‌ಗೂ, ದಾರಿ ಇತ್ತು. ಇದನ್ನು ವಿವರಿಸಿದ ಮೇಲೆ ಹುಡುಗನಿಗೆ ಆ ಪಾತ್ರ ಹಿಡಿತಕ್ಕೆ ಬಂತು. ಹಿಂದಿನ ದೃಶ್ಯದಲ್ಲಿ ಅವನು, ಹಣೆಬರಹ ಇದ್ದರೆ ಕಿರೀಟ ತಾನಾಗಿ ಬರಲಿ, ನಾನು ಕೈ ಹಾಕುವುದಿಲ್ಲ ಎನ್ನುತ್ತಿದ್ದವನು. ಮಾಲ್ಕಮ್‌ನ ಹೆಸರು ಕೇಳಿದ ಮೇಲೆ ಸುಮ್ಮನೆ ಕಾಯುವ ದಾರಿ ಮುಚ್ಚಿತು. ಆಸೆ ಮೊದಲೂ ಇತ್ತು. ಅದಕ್ಕೆ ಅವಸರ ಹುಟ್ಟಿದ್ದು ಇಲ್ಲಿ.

ಐದನೆಯ ದೃಶ್ಯ ಮ್ಯಾಕ್‌ಬೆತ್‌ನ ಹೆಂಡತಿಯದು. ಲೇಡಿ ಮ್ಯಾಕ್‌ಬೆತ್ ಪಾತ್ರದಾಕೆಗೆ ಶೂರ್ಪನಖಿಯ ನಗು ಬೇಕಿತ್ತು. ನಾನು ಕೇಳಿದ್ದು ಇಷ್ಟೇ: ನನ್ನ ಹೆಣ್ತನ ಕಿತ್ತುಕೊಳ್ಳಿ, ಕ್ರೌರ್ಯ ತುಂಬಿ ಎಂದು ಭೂತಗಳನ್ನು ಬೇಡಿಕೊಳ್ಳುತ್ತಾಳಲ್ಲ, ಅದು ಅವಳ ಬಳಿ ಮೊದಲೇ ಇದ್ದರೆ ಯಾಕೆ ಬೇಡಬೇಕು? ಆ ನಗು ಅಲ್ಲಿಗೆ ಬಿಟ್ಟುಹೋಯಿತು. ಗಂಡನನ್ನು ಸರಿಯಾಗಿ ಅಳೆದವಳೂ ಇವಳೇ. ಅವನಿಗೆ ದೊಡ್ಡದಾಗಬೇಕು, ಆದರೆ ಅದಕ್ಕೆ ಬೇಕಾದ ಕೆಟ್ಟತನ ಇಲ್ಲ. ಮೋಸ ಮಾಡಲಾರ, ಮೋಸದಿಂದ ಬಂದದ್ದು ಬೇಕು.

ಆರನೆಯದು ಸ್ವಾಗತದ ದೃಶ್ಯ. ಡಂಕನ್ ಮ್ಯಾಕ್‌ಬೆತ್‌ನ ಕೋಟೆಗೆ ಬಂದು ಇಲ್ಲಿನ ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ಬೇಗ ದಾಟಿಸಿದೆವು.

ಏಳನೆಯದಕ್ಕೆ ವಿಂಗ್‌ನ ಹಿಂದೆ ಊಟದ ಗದ್ದಲ ಇಟ್ಟೆವು. ತಟ್ಟೆ, ಲೋಟ, ಗಂಡಸರ ನಗು. ಮ್ಯಾಕ್‌ಬೆತ್ ಪಂಕ್ತಿ ಬಿಟ್ಟು ಎದ್ದು ಬಂದಿದ್ದಾನೆ. ಮನೆಯ ಯಜಮಾನ, ರಾಜನೇ ಅತಿಥಿ. ಇದರ ಅರ್ಥ ನಮ್ಮ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಇವನ ನಂಟ, ಇವನ ಸೇವಕ, ಇವತ್ತು ಆತಿಥ್ಯ ಕೊಟ್ಟವನು ಎಂದು ಕೊಲ್ಲಬಾರದ ಕಾರಣಗಳನ್ನೇ ಅವನು ಲೆಕ್ಕ ಹಾಕುತ್ತಾನೆ. ಕೊಲ್ಲಲು ಉಳಿದ ಕಾರಣ ಮಹತ್ವಾಕಾಂಕ್ಷೆ ಒಂದೇ, ಅದೂ ಜಿಗಿದ ರಭಸಕ್ಕೆ ಆಚೆ ಬದಿಗೆ ಬೀಳುವಂಥದ್ದು. ಹೆಂಡತಿ ಬಂದಾಗ, ಇದನ್ನು ಇಲ್ಲಿಗೇ ಬಿಡೋಣ ಎಂದೇ ಬಿಡುತ್ತಾನೆ. ಅವಳು ಸಿಂಹಾಸನದ ಆಸೆ ತೋರಿಸುವುದಿಲ್ಲ. ನೀನು ಗಂಡಸೇನಾ ಎಂದು ಕೇಳುತ್ತಾಳೆ. ಕೂಗಾಡಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಬಾಗಿಲ ಆಚೆ ನೆಂಟರಿದ್ದಾರೆ. ಗಂಡ ಹೆಂಡತಿ ನೆಂಟರ ಎದುರು ಜಗಳ ಆಡುವುದು ಪಿಸುಮಾತಲ್ಲೇ ಅಲ್ವಾ? ಪಿಸುಮಾತಿಗೆ ಇಳಿದ ಮೇಲೆ ದೃಶ್ಯ ಎರಡು ಪಟ್ಟು ಭಯಂಕರವಾಯಿತು.

ಕೊನೆಗೆ ಅವನು, ಸೋತರೆ? ಎನ್ನುತ್ತಾನೆ. ಅವಳ ಉತ್ತರವೂ ‘ನಾವು ಸೋಲುವುದು’ ಎಂಬ ಮಾತಷ್ಟೇ, ಆದರೆ ಯಾವ ರಾಗದಲ್ಲಿ? ಹದಿನೆಂಟನೆಯ ಶತಮಾನದ ಹೆಸರಾಂತ ನಟಿ ಸಾರಾ ಸಿಡನ್ಸ್ ಬೇರೆ ಬೇರೆ ಕಾಲದಲ್ಲಿ ಇದನ್ನು ಮೂರು ಥರ ಹೇಳಿದ್ದಳಂತೆ: ತಿರಸ್ಕಾರದ ಪ್ರಶ್ನೆಯಾಗಿ, ಸಿಟ್ಟಿನ ಬೆರಗಾಗಿ, ಕೊನೆಗೆ ಸೋತರೆ ಸೋತೆವು ಎಂಬ ತಣ್ಣನೆಯ ದನಿಯಲ್ಲಿ. ನಾವು ತಾಲೀಮು ಮಾಡಿದ್ದು ತಣ್ಣನೆಯದನ್ನು. ಎರಡನೆಯ ಪ್ರದರ್ಶನದಲ್ಲಿ ಆಕೆ ನನಗೆ ಹೇಳದೆ ಪ್ರಶ್ನೆಯಾಗಿ ಎಸೆದುಬಿಟ್ಟಳು. ಹುಡುಗ ತಬ್ಬಿಬ್ಬಾಗಿ ಅವಳ ಮುಖ ನೋಡಿದ. ಅವನ ಮುಂದಿನ ಮಾತು ಒಂದು ಉಸಿರು ತಡವಾಗಿ ಬಂತು. ಆ ತಡ ನನಗೆ ಇಷ್ಟವಾಯಿತು. ಅವತ್ತು ಯಾರನ್ನೂ ಬೈಯಲಿಲ್ಲ, ಮುಂದಿನ ಪ್ರದರ್ಶನಗಳಲ್ಲೂ ಅದನ್ನೇ ಇಟ್ಟುಕೊಂಡೆವು.