ಆದಾಯ ಆಧಾರಿತ ಶಿಕ್ಷಣ ನೆರವು ನ್ಯಾಯಯುತವೇ ಎಂದು ಪರಿಶೀಲಿಸುವ ಬಗೆ

ಕಾಲೇಜು ವೆಚ್ಚಕ್ಕೆ ಸರ್ಕಾರ ನೀಡುವ ನೆರವನ್ನು ತೂಗಿ ನೋಡುವವರು ಮೊದಲು ಗಮನಿಸಬೇಕಾದದ್ದು ಅದರ ಮೊತ್ತವನ್ನಲ್ಲ, ಅದು ಎಲ್ಲಿ ಮತ್ತು ಹೇಗೆ ನಿಲ್ಲುತ್ತದೆ ಎಂಬುದನ್ನು. ಆದಾಯದ ಮಿತಿಯನ್ನು ಕೂದಲೆಳೆಯಷ್ಟು ದಾಟಿದ ಕುಟುಂಬವು ಪೂರ್ಣ ನೆರವನ್ನು ಕಳೆದುಕೊಳ್ಳುವುದಾದರೆ, ಸಂಬಳ ಏರಿದ ಕಾರಣಕ್ಕೇ ಅದರ ಕೈಯಲ್ಲಿ ಉಳಿಯುವ ಹಣ ಮೊದಲಿಗಿಂತ ಕಡಿಮೆಯಾಗಬಹುದು. ಆದಾಯ ಹೆಚ್ಚಿದಂತೆ ನೆರವು ಹಂತಹಂತವಾಗಿ ಇಳಿಯುವ ನಿಯಮವೇ ನನ್ನ ದೃಷ್ಟಿಯಲ್ಲಿ ಮೇಲು.

ಬಳಿಕ ಯಾವ ವರ್ಷದ ಆದಾಯವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ ಎಂದು ನೋಡಿ. ಅಮೆರಿಕದ ಒಕ್ಕೂಟ ಸರ್ಕಾರದ ನೆರವಿಗೆ ಸಾಮಾನ್ಯವಾಗಿ ಎರಡು ವರ್ಷ ಹಿಂದಿನ ತೆರಿಗೆ ವಿವರವೇ ಆಧಾರವಾಗಿರುವುದರಿಂದ, ಈ ನಡುವೆ ಕೆಲಸ ಕಳೆದುಕೊಂಡ ಪೋಷಕರು ಕಾಗದದ ಮೇಲೆ ಇನ್ನೂ ಸಂಬಳದಾರರಾಗಿಯೇ ಇರುತ್ತಾರೆ. ಅಲ್ಲಿ ಕಾಲೇಜಿನ ನೆರವು ಅಧಿಕಾರಿಗೆ ದಾಖಲೆಗಳನ್ನು ಪರಿಶೀಲಿಸಿ ಲೆಕ್ಕವನ್ನು ತಿದ್ದುವ ಅಧಿಕಾರವಿದೆ. ಇಂತಹ ಮರುಪರಿಶೀಲನೆಗೆ ಅವಕಾಶವಿದೆಯೇ, ಅದು ಶುಲ್ಕ ಕಟ್ಟುವ ಗಡುವಿನೊಳಗೆ ಮುಗಿಯುತ್ತದೆಯೇ ಎಂಬುದನ್ನು ತಪ್ಪದೆ ವಿಚಾರಿಸಿ.

ಒಂದೇ ಆದಾಯದಲ್ಲಿ ಇಬ್ಬರು ಮಕ್ಕಳನ್ನು ಓದಿಸುವ ಮನೆಯನ್ನೂ ಒಬ್ಬರನ್ನು ಓದಿಸುವ ಮನೆಯನ್ನೂ ಸಮನಾಗಿ ಕಾಣುವ ಸೂತ್ರವು ಅಪೂರ್ಣ. ಸಂಬಳದಾರರ ಆದಾಯ ಪೂರ್ತಿಯಾಗಿ ಕಾಣುತ್ತದೆ, ಸ್ವಂತ ವ್ಯವಹಾರದವರದು ಹಾಗಲ್ಲ. ಆದ್ದರಿಂದ ಆಸ್ತಿಯನ್ನೂ ಪರಿಗಣಿಸಲಾಗುತ್ತದೆಯೇ ಎಂದು ಕೇಳಬೇಕು.

ಕೊನೆಯದಾಗಿ, ಪೋಷಕರ ಇಂದಿನ ಆದಾಯದ ಬದಲು ವಿದ್ಯಾರ್ಥಿಯ ನಾಳಿನ ಆದಾಯವನ್ನು ಅಳೆಯುವ ಮಾರ್ಗವನ್ನೂ ಹೋಲಿಸಿ ನೋಡಿ: 1989ರಲ್ಲಿ ಆಸ್ಟ್ರೇಲಿಯಾ ಜಾರಿಗೆ ತಂದ ವ್ಯವಸ್ಥೆಯಲ್ಲಿ, ಪದವೀಧರರ ಗಳಿಕೆ ನಿಗದಿತ ಮಟ್ಟವನ್ನು ದಾಟಿದ ಮೇಲಷ್ಟೇ ಶುಲ್ಕದ ಸಾಲದ ಮರುಪಾವತಿ ಆರಂಭವಾಗುತ್ತದೆ.