ಉತ್ತರ ಇರುವಲ್ಲಿಗೇ ಹೋಗಿ ಹುಡುಕಿ

‘ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲ.’ ಈ ಮಾತು ಇಂದಿಗೂ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಬರೆದವರು ಸುಳ್ಳು ಹೇಳಿದರೆಂದಲ್ಲ, ಅವರು ಬರೆದಾಗ ಅದು ಸರಿಯೇ ಇದ್ದಿರಬಹುದು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಮಾತನ್ನು ತಳ್ಳಿಹಾಕಿತು. ಹಳೆಯ ಬರಹಗಳು ಮಾತ್ರ ಇದ್ದಲ್ಲೇ ಉಳಿದವು. ಅಂಥ ಒಂದು ಪುಟ ಓದಿ, ತನಗೆ ಹಕ್ಕಿಲ್ಲವೆಂದು ನಂಬಿ, ಅಣ್ಣತಮ್ಮಂದಿರು ತಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಗಳ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಖಚಿತ ಮಾಹಿತಿ ಹುಡುಕುವುದನ್ನು ಎಲ್ಲರೂ ಕಲಿಯಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೊದಲ ಹೆಜ್ಜೆ: ಇದನ್ನು ದಾಖಲಿಸುವ ಹೊಣೆ ಯಾರದು?

ಗೂಗಲ್‌ನಲ್ಲಿ ಪ್ರಶ್ನೆ ಟೈಪ್ ಮಾಡುವ ಮೊದಲು ಒಂದು ಕ್ಷಣ ನಿಂತು ಇಷ್ಟು ಕೇಳಿಕೊಳ್ಳಿ: ನಾನು ಕೇಳುತ್ತಿರುವ ಸಂಗತಿಯನ್ನು ದಾಖಲಿಸಿ ಇಡುವ ಕೆಲಸ ಯಾರದು? ಕಾನೂನಾದರೆ ಅದನ್ನು ಮಾಡಿದ ಶಾಸನಸಭೆ, ವ್ಯಾಖ್ಯಾನಿಸಿದ ನ್ಯಾಯಾಲಯ. ಜಮೀನಿನ ಪಹಣಿಯಾದರೆ ಕಂದಾಯ ಇಲಾಖೆಯ ‘ಭೂಮಿ’. ನಿಮ್ಮ ಹೋಬಳಿಯಲ್ಲಿ ಬಿದ್ದ ಮಳೆಯ ಲೆಕ್ಕವಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಔಷಧವೊಂದು ಕೆಲಸ ಮಾಡುತ್ತದೆಯೇ ಎಂಬುದಾದರೆ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ ವರದಿ ಪ್ರಕಟಿಸಿದವರು. ಈ ಹೊಣೆಗಾರರ ಹೆಸರು ಹೊಳೆದರೆ ಅರ್ಧ ಕೆಲಸ ಆದಂತೆಯೇ. ಹೊಳೆಯದಿದ್ದರೆ ವಿಕಿಪೀಡಿಯ ನೋಡಿ. ಅಲ್ಲಿನ ಲೇಖನಕ್ಕಿಂತ ಅದರ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೂಲ ಎಲ್ಲಿದೆ ಎಂಬ ದಾರಿ ಸಾಮಾನ್ಯವಾಗಿ ಅಲ್ಲಿಂದ ಸಿಗುತ್ತದೆ.

ಕಾನೂನಿನ ಪ್ರಶ್ನೆ: ಮಗಳ ಪಾಲು

ಮೇಲಿನ ಪ್ರಶ್ನೆಯನ್ನೇ ಹಿಡಿದು ಕೊನೆಯವರೆಗೆ ಹೋಗೋಣ. ಮೊದಲು ಕಾಯ್ದೆಯ ಪಠ್ಯ ಬೇಕು. ಕೇಂದ್ರ ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಜಾರಿಯಲ್ಲಿರುವ ಕೇಂದ್ರ ಕಾಯ್ದೆಗಳು ತಿದ್ದುಪಡಿಗಳ ಸಮೇತ ಉಚಿತವಾಗಿ ಸಿಗುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956 ಎಂದು ಹುಡುಕಿ 6ನೇ ಸೆಕ್ಷನ್ ತೆರೆಯಿರಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗಿರುವಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ಅದೇ ಸೆಕ್ಷನ್ನಿನ ಕೊನೆಯನ್ನು ಬಿಡದೆ ಓದಿ: 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಪಾಲು ಆಗಿಹೋಗಿದ್ದರೆ ಅದಕ್ಕೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ. ಸಾಮಾಜಿಕ ಮಾಧ್ಯಮದ ಪೋಸ್ಟ್‌ಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇಂಥ ಕೊನೆಯ ಸಾಲುಗಳೇ.

ಪಠ್ಯ ಓದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. 2005ರ ಆ ದಿನ ತಂದೆ ಬದುಕಿರಬೇಕೇ? ಕಾಯ್ದೆಯಲ್ಲಿ ಇದಕ್ಕೆ ನೇರ ಉತ್ತರವಿಲ್ಲ, ತೀರ್ಪುಗಳಲ್ಲಿದೆ. ಅದಕ್ಕೆ ‘ಇಂಡಿಯನ್ ಕಾನೂನ್’ ಎಂಬ ಶೋಧ ತಾಣಕ್ಕೆ ಹೋಗಿ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ತೀರ್ಪುಗಳನ್ನು ಇಲ್ಲಿ ಹಣ ಕೊಡದೆ ಓದಬಹುದು. ಪ್ರಕಾಶ್ ವಿರುದ್ಧ ಫೂಲಾವತಿ ಎಂದು ಹುಡುಕಿದರೆ 2015ರ ತೀರ್ಪು ಬರುತ್ತದೆ. ಕರ್ನಾಟಕದಿಂದಲೇ ಹೋದ ಮೊಕದ್ದಮೆ ಅದು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಹೇಳಿತು. ಹಳೆಯ ಪುಟಗಳ ಮೂಲ ಇದು. 2018ರಲ್ಲಿ, ಇದೂ ಕರ್ನಾಟಕದಿಂದ ಹೋದ ದಾನಮ್ಮ ಪ್ರಕರಣದಲ್ಲಿ, ಇನ್ನೊಂದು ದ್ವಿಸದಸ್ಯ ಪೀಠ 2001ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡು ತೀರ್ಪು ಎರಡು ದಾರಿ ಹಿಡಿದವು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಇಂಡಿಯನ್ ಕಾನೂನ್‌ನಲ್ಲಿ ತೀರ್ಪಿನ ಪುಟ ತೆರೆದಾಗ, ಆ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದಕ್ಕೆ ಕೊಂಡಿ ಇರುತ್ತದೆ. ಅದನ್ನು ಒತ್ತಿ, ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ಸೀಮಿತಗೊಳಿಸಿ, ಹೊಸದು ಮೊದಲು ಬರುವಂತೆ ಜೋಡಿಸಿಕೊಳ್ಳಿ. ಈ ಹಾದಿ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣಕ್ಕೆ ಮುಟ್ಟಿಸುತ್ತದೆ. ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಕೊಟ್ಟ ಈ ತೀರ್ಪು ಗೊಂದಲವನ್ನು ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, 2005ರ ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ. ಒಂದು ತೀರ್ಪನ್ನು ಓದಿದ ಮೇಲೆ ಅದು ಇನ್ನೂ ಊರ್ಜಿತವಾಗಿದೆಯೇ ಎಂದು ನೋಡುವ ಈ ಹೆಜ್ಜೆಯನ್ನು ವಕೀಲರು ದಿನವೂ ಇಡುತ್ತಾರೆ. ಅದಕ್ಕೆ ಬೇಕಾದ ಸಲಕರಣೆ ಈಗ ಮೊಬೈಲ್ ಇರುವ ಯಾರಿಗೂ ಲಭ್ಯ.

ನಮ್ಮ ರಾಜ್ಯದ ಓದುಗರಿಗೆ ಇನ್ನೊಂದು ಎಚ್ಚರಿಕೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತನ್ನದೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ‘1994ಕ್ಕೆ ಮೊದಲು ಮದುವೆಯಾದವರಿಗೆ ಪಾಲಿಲ್ಲ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ.

ತೀರ್ಪುಗಳ ಇಂಗ್ಲಿಷ್ ಕಷ್ಟವಾದರೆ ಸುಪ್ರೀಂ ಕೋರ್ಟ್ ತನ್ನ ಜಾಲತಾಣದಲ್ಲಿ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನೂ ಹಾಕುತ್ತಿದೆ. ಅನುವಾದ ಅರ್ಥ ಮಾಡಿಕೊಳ್ಳಲು ಮಾತ್ರ, ಅಧಿಕೃತ ಪಠ್ಯ ಇಂಗ್ಲಿಷ್‌ನದೇ. ಇಷ್ಟೆಲ್ಲ ಓದಿದ ಮೇಲೂ ನಿಮ್ಮ ಮನೆಯ ಕಾಗದಪತ್ರಗಳಿಗೆ ಇದು ಹೇಗೆ ಅನ್ವಯಿಸುತ್ತದೆ ಎಂದು ವಕೀಲರೇ ಹೇಳಬೇಕು. ಆಸ್ತಿ ತಂದೆಯ ಸ್ವಯಾರ್ಜಿತವಾದರೆ ಲೆಕ್ಕವೇ ಬೇರೆ. ವಕೀಲರ ಶುಲ್ಕದ ಚಿಂತೆಯೇ? ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಆರೋಗ್ಯದ ಪ್ರಶ್ನೆ: ಹಾಗಲಕಾಯಿ ರಸ

‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಗಲಕಾಯಿ ರಸ ಕುಡಿಯಿರಿ, ಸಕ್ಕರೆ ಕಾಯಿಲೆ ವಾಸಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ನೋಡದವರು ಕಡಿಮೆ. ಇದನ್ನು ಪರೀಕ್ಷಿಸುವ ಜಾಗ ‘ಪಬ್‌ಮೆಡ್’. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಸೂಚಿಯಲ್ಲಿ ವೈದ್ಯಕೀಯ ಸಂಶೋಧನೆಯ ಮೂರೂವರೆ ಕೋಟಿಗೂ ಹೆಚ್ಚು ಉಲ್ಲೇಖಗಳಿವೆ, ಬಹುಪಾಲಿಗೆ ಸಾರಾಂಶವೂ ಉಂಟು. ನೋಡಲು ಖಾತೆ ಬೇಕಿಲ್ಲ, ಹಣವೂ ಬೇಕಿಲ್ಲ.

ಅಲ್ಲಿ ಕನ್ನಡ ಹೆಸರು ನಡೆಯುವುದಿಲ್ಲ, ಸಸ್ಯದ ವೈಜ್ಞಾನಿಕ ಹೆಸರು ಬೇಕು. ಕನ್ನಡ ವಿಕಿಪೀಡಿಯದ ಹಾಗಲಕಾಯಿ ಪುಟದಿಂದ ಇಂಗ್ಲಿಷ್ ಪುಟಕ್ಕೆ ದಾಟಿದರೆ ಮೊಮೊರ್ಡಿಕಾ ಕರಾಂಶಿಯ ಎಂಬ ಹೆಸರು ಸಿಗುತ್ತದೆ. ಅದನ್ನೂ ಮಧುಮೇಹದ ಇಂಗ್ಲಿಷ್ ಹೆಸರನ್ನೂ ಸೇರಿಸಿ ಹುಡುಕಿ. ನೂರಾರು ಪ್ರಬಂಧಗಳು ಸಾಲುಗಟ್ಟುತ್ತವೆ. ಗಾಬರಿ ಬೇಡ. ಪುಟದ ಎಡಬದಿಯಲ್ಲಿ ಸೋಸುವ ಆಯ್ಕೆಗಳಿವೆ. ಅಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ ಎಂಬುದನ್ನು ಆರಿಸಿ. ಒಂದು ವಿಷಯದ ಮೇಲೆ ನಡೆದ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ತೂಗಿ ಬರೆದ ವಿಮರ್ಶೆಗಳು ಅವು.

ಹೀಗೆ ಸೋಸಿದಾಗ ಕಣ್ಣಿಗೆ ಬೀಳುವುದರಲ್ಲಿ, ಇಂಥ ವಿಮರ್ಶೆಗಳನ್ನೇ ಪ್ರಕಟಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಮುಖ್ಯವಾದದ್ದು. ಅದರ ಕಟ್ಟುನಿಟ್ಟಾದ ಮಾನದಂಡಕ್ಕೆ ಹೊಂದಿದ ಪ್ರಯೋಗಗಳು ನಾಲ್ಕೇ ನಾಲ್ಕು. ಎಲ್ಲವೂ ಸೇರಿ 479 ಮಂದಿ, ಅವಧಿ ಹೆಚ್ಚೆಂದರೆ ಮೂರು ತಿಂಗಳು. ಔಷಧವಿಲ್ಲದ ಹುಸಿ ಮಾತ್ರೆಗೆ ಹೋಲಿಸಿದಾಗ ಹಾಗಲದ ತಯಾರಿಕೆಗಳಿಂದ ಸಕ್ಕರೆಯ ನಿಯಂತ್ರಣದಲ್ಲಿ ನೆಚ್ಚಬಹುದಾದ ವ್ಯತ್ಯಾಸ ಕಾಣಲಿಲ್ಲ. ಎರಡನೇ ಬಗೆಯ ಮಧುಮೇಹಕ್ಕೆ ಇದನ್ನು ಶಿಫಾರಸು ಮಾಡಲು ಸಾಕಷ್ಟು ಪುರಾವೆ ಇಲ್ಲ ಎಂಬುದು ವಿಮರ್ಶಕರ ನಿಲುವು. ಅದಕ್ಕಿಂತ ಈಚಿನ ವಿಮರ್ಶೆಗಳೂ ಅದೇ ಪಟ್ಟಿಯಲ್ಲಿರುತ್ತವೆ, ಅವನ್ನೂ ತೆರೆದು ನೋಡಿ. ನೋಡುವಾಗ ಮೂರು ಸಂಗತಿ ಗಮನಿಸಿ: ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಎಷ್ಟು ಕಾಲ. ‘ಸಂಶೋಧನೆಯಿಂದ ಸಾಬೀತು’ ಎಂದು ಜಾಹೀರಾತು ಕೂಗುವ ಎಷ್ಟೋ ಸಂಗತಿಗಳು ಈ ಮೂರರಲ್ಲಿ ಮೊದಲನೆಯದನ್ನೇ ದಾಟುವುದಿಲ್ಲ. ಹಾಗಲಕಾಯಿ ಪಲ್ಯ ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ರಸ ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡುವುದು ಅಪಾಯ.

ಪಬ್‌ಮೆಡ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಪ್ರಬಂಧ ಸರಿ ಎಂದೂ ಅರ್ಥವಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅಂಥ ಪ್ರಬಂಧಗಳ ಪುಟದ ಮೇಲ್ಭಾಗದಲ್ಲಿಯೇ ಹಿಂತೆಗೆದ ಸೂಚನೆ ಇರುತ್ತದೆ. ಸಾರಾಂಶಕ್ಕೆ ಹಾರುವ ಮೊದಲು ಅದನ್ನು ನೋಡಿಕೊಳ್ಳಿ. ಪ್ರಬಂಧ ಓದುವ ತಾಳ್ಮೆ ಇಲ್ಲದಿದ್ದರೆ ಅದೇ ಗ್ರಂಥಾಲಯದ ‘ಮೆಡ್‌ಲೈನ್ ಪ್ಲಸ್’ ಸರಳ ಇಂಗ್ಲಿಷ್‌ನಲ್ಲಿ ಕಾಯಿಲೆ, ಔಷಧಗಳ ವಿವರ ಕೊಡುತ್ತದೆ.

ಕನ್ನಡದ ಪ್ರಶ್ನೆಗಳಿಗೆ ಕನ್ನಡದ ತಾಣಗಳು

ನಮ್ಮಲ್ಲಿ ಇಂಥ ಪರಿಕರಗಳಿಲ್ಲ ಎಂದು ಕೊರಗುವ ಕಾಲ ಹೋಯಿತು. ಪದದ ಅರ್ಥಕ್ಕೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿದೆ. ಸುಮಾರು ಒಂದೂವರೆ ಲಕ್ಷ ಪದಗಳಿರುವ ಅದನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಟ್ಟಿದ್ದಾರೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಬೇರೆ ಬೇರೆ ನಿಘಂಟುಗಳು ಒಂದೆಡೆ ಸಿಗುತ್ತವೆ. 1894ರ ಕಿಟೆಲ್ ನಿಘಂಟು, ಹಳೆಯ ಪುಸ್ತಕ ಮತ್ತು ಜಾಲಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ ತಾಣದಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ. ಇತಿಹಾಸ, ಸಾಹಿತ್ಯಕ್ಕೆ ಒಳ್ಳೆಯವು. ಜನಸಂಖ್ಯೆ, ಉತ್ಪಾದನೆಯಂಥ ಅಂಕಿಗಳನ್ನು ಮಾತ್ರ ಅಲ್ಲಿಂದ ತೆಗೆಯಬೇಡಿ, ಅವು ಆ ಸಂಪುಟ ಅಚ್ಚಾದ ಕಾಲದವು. ಪಿಎಚ್.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ನೋಡಿ. ಕನ್ನಡದಲ್ಲೇ ಬರೆದ ಪ್ರಬಂಧಗಳೂ ಅಲ್ಲಿವೆ, ಪೂರ್ತಿ ಪಠ್ಯದೊಂದಿಗೆ.

ಇಂಥ ತಾಣಗಳಲ್ಲಿ ನನಗೆ ಹೆಚ್ಚು ಪ್ರೀತಿ, ಶರಣರ ವಚನಗಳನ್ನು ಪದ ಹಾಕಿ ಹುಡುಕಬಹುದಾದ ‘ವಚನ ಸಂಚಯ’ದ ಮೇಲೆ. ಬಸವಣ್ಣನವರ ಭಾವಚಿತ್ರದ ಕೆಳಗೆ ಯಾರದೋ ಸಾಲುಗಳನ್ನು ಅಂಟಿಸಿ ಹಂಚುವುದು ದಿನನಿತ್ಯ ನಡೆದಿದೆ. ಶಾಲೆಯ ಭಾಷಣಗಳಿಗೂ ಅವೇ ಸಾಲುಗಳು ಹೋಗುತ್ತಿವೆ. ಆ ವಚನ ನಿಜವೇ ಎಂದು ನೋಡಲು ಅದರಲ್ಲಿನ ಅಪರೂಪದ ಒಂದು ಪದ ಆರಿಸಿಕೊಂಡು ಈ ತಾಣದಲ್ಲಿ ಹುಡುಕಿ. ‘ಮನ’, ‘ಭಕ್ತಿ’ ಎಂದು ಹುಡುಕಿದರೆ ಸಾವಿರಾರು ಸಾಲು ಬಂದು ಪ್ರಯೋಜನವಾಗದು. ಸಿಕ್ಕಿದರೆ ಅಂಕಿತ ನೋಡಿ: ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ರಾಮನಾಥ ಎಂದಿದ್ದರೆ ಜೇಡರ ದಾಸಿಮಯ್ಯ. ಸಿಗದಿದ್ದರೆ ತಕ್ಷಣ ನಕಲಿ ಎನ್ನಬೇಡಿ. ಕಾಗುಣಿತ ಬದಲಿಸಿ ಮತ್ತೆ ಹುಡುಕಿ. ಚೆನ್ನಮಲ್ಲಿಕಾರ್ಜುನ ಎಂಬುದು ಚನ್ನಮಲ್ಲಿಕಾರ್ಜುನ ಎಂದೂ ಇರಬಹುದು, ಕೂಡಿಸಿ ಬರೆದ ಪದ ಬಿಡಿಸಿ ಬರೆದಿರಬಹುದು. ಎರಡು ಮೂರು ಬಗೆಯಲ್ಲಿ ಹುಡುಕಿಯೂ ಸಿಗದೆ, ಭಾಷೆಯೂ ಇಂದಿನದಾಗಿ, ಅಂಕಿತವೂ ಇಲ್ಲದಿದ್ದರೆ ಹಂಚಬೇಡಿ.

ಗೂಗಲ್ ಬಳಸಲೇಬೇಕಾದಾಗ

ನುಡಿಗಟ್ಟನ್ನು ಉದ್ಧರಣ ಚಿಹ್ನೆಯೊಳಗಿಟ್ಟರೆ ಅದೇ ಕ್ರಮದ ಪದಗಳಿರುವ ಪುಟಗಳು ಬರುತ್ತವೆ. ಇಂಗ್ಲಿಷ್‌ನಲ್ಲಿ ‘ಸೈಟ್’ ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ಸರ್ಕಾರಿ ತಾಣಗಳ ಕೊನೆಯಲ್ಲಿರುವ ‘ಜಿಒವಿ ಡಾಟ್ ಇನ್’ ಸೇರಿಸಿದರೆ ಸರ್ಕಾರಿ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ಸರ್ಕಾರದ ಯೋಜನೆಯ ಹೆಸರಿನಲ್ಲಿ ಆಧಾರ್, ಬ್ಯಾಂಕ್ ವಿವರ ಕೇಳುವ ನಕಲಿ ತಾಣಗಳಿಂದ ಇದೊಂದೇ ಅಭ್ಯಾಸ ಎಷ್ಟೋ ಜನರನ್ನು ಕಾಪಾಡೀತು.

ಎಐ ಚಾಟ್‌ಬಾಟ್‌ಗಳನ್ನು ಕೇಳಿದಾಗ ಅವು ಕೊಡುವ ಹೆಸರು, ಇಸವಿ, ಪ್ರಕರಣವನ್ನು ಮೇಲೆ ಹೇಳಿದ ತಾಣಗಳಲ್ಲಿ ಹುಡುಕಿ ಕಂಡ ಮೇಲೆಯೇ ಒಪ್ಪಿಕೊಳ್ಳಿ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಕೊಟ್ಟರು. ಅವರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು.

ಬೇಕಾದ ಪುಟ ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳುವುದನ್ನು ಮರೆಯಬೇಡಿ. ತಾಣಗಳು ಹೊಸ ವಿನ್ಯಾಸಕ್ಕೆ ಬದಲಾದಾಗ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ಆ ಪುಟದ ವಿಳಾಸ ಹಾಕಿ ಪ್ರತಿಯನ್ನು ಉಳಿಸುವ ಆಯ್ಕೆ ಒತ್ತಿದರೆ ದಿನಾಂಕ, ಸಮಯ ಸಮೇತ ಒಂದು ಶಾಶ್ವತ ಕೊಂಡಿ ಸಿಗುತ್ತದೆ. ಕಚೇರಿಗೆ ಅರ್ಜಿ ಬರೆಯುವಾಗಲೂ ಯಾರೊಂದಿಗಾದರೂ ಚರ್ಚಿಸುವಾಗಲೂ ಆ ಕೊಂಡಿಯನ್ನೇ ಕೊಡಿ. ಹಿಂದೆ ಇದ್ದು ಈಗ ಮಾಯವಾದ ಪ್ರಕಟಣೆಗಳನ್ನು ಹುಡುಕಲೂ ಅದೇ ತಾಣದ ಹುಡುಕಾಟದ ಪೆಟ್ಟಿಗೆಯಲ್ಲಿ ಹಳೆಯ ವಿಳಾಸ ಹಾಕಿ, ಕ್ಯಾಲೆಂಡರ್‌ನಲ್ಲಿ ಬೇಕಾದ ದಿನಾಂಕ ಒತ್ತಿ ನೋಡಬಹುದು.